ನಾಲ್ಕನೇ ಕ್ಲಾಸಾದರೂ ಮಗನಿಗೆ ಓದಲು ಬರುತ್ತಿಲ್ಲ: ಸರ್ಟಿಫಿಕೇಟಿಗೆ ಕಾಯಬೇಕೇ?

ಪ್ರಶ್ನೆ: ನನ್ನ ಮಗನಿಗೆ ಒಂಬತ್ತು ವರ್ಷ. ತಿಪಟೂರಿನ ಹತ್ತಿರ ಒಂದು ಖಾಸಗಿ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ನಾಲ್ಕನೇ ಕ್ಲಾಸು. ಮಾತಿನಲ್ಲಿ ಚುರುಕು. ಅವರಪ್ಪನ ಜೊತೆ ಕೂತು ಕೊಬ್ಬರಿ ಲೆಕ್ಕ ಬಾಯಲ್ಲೇ ಹೇಳುತ್ತಾನೆ. ಆದರೆ ಪುಸ್ತಕ ಹಿಡಿದರೆ ಒಂದು ಸಾಲಿಗೆ ತುಂಬಾ ಹೊತ್ತು ಬೇಕು. ಇಂಗ್ಲಿಷಿನಲ್ಲಿ ಮೊದಲ ಅಕ್ಷರ ನೋಡಿ ಏನೋ ಊಹೆ ಮಾಡಿ ಹೇಳುತ್ತಾನೆ. ಕನ್ನಡದಲ್ಲಿ ಒತ್ತು, ದೀರ್ಘ ಬಿಟ್ಟು ಬರೆಯುತ್ತಾನೆ. ಉಕ್ತಲೇಖನದಲ್ಲಿ ತಪ್ಪಾದ ಪದವನ್ನು ಹತ್ತು ಹತ್ತು ಸಲ ಬರೆಸುತ್ತಾರೆ. ಬೆಂಚಿನ ಮೇಲೆ ನಿಲ್ಲಿಸಿದ್ದೂ ಉಂಟು. ಮಿಸ್ ‘ಸೋಮಾರಿ’ ಅಂತಾರೆ. ಈಗ ಬೆಳಿಗ್ಗೆಯಾದರೆ ಹೊಟ್ಟೆನೋವು ಶುರು. ಡಿಸ್ಲೆಕ್ಸಿಯಾ, ಅಂದರೆ ಓದು ಬರಹ ಕಲಿಯುವ ತೊಡಕು, ಇರಬಹುದೇನೋ ಅಂತ ಭಯವಾಗಿದೆ. ಸರ್ಟಿಫಿಕೇಟ್ ಮಾಡಿಸಿದರೆ ‘ಅಂಗವಿಕಲ’ ಅನ್ನುವ ಹೆಸರು ಬರುತ್ತದೆ, ಬೇಡ ಅಂತಾರೆ ಮನೆಯವರು. ಕನ್ನಡ ಮೀಡಿಯಂಗೆ ಹಾಕಲೇ? ಒಂದು ವರ್ಷ ಅದೇ ಕ್ಲಾಸಿನಲ್ಲಿ ಉಳಿಸಲೇ? ಮಗಳು ಯುಕೆಜಿಯಲ್ಲಿದ್ದಾಳೆ, ಅವಳಿಗೂ ಬರುತ್ತದೆಯೇ?

ಉತ್ತರ: ಮೊದಲು ಆ ಹೊಟ್ಟೆನೋವಿನ ವಿಷಯ. ಅದನ್ನು ನಾಟಕ ಅಂದುಕೊಳ್ಳಬೇಡಿ. ಹೆದರಿಕೆಗೆ ಮಕ್ಕಳ ಹೊಟ್ಟೆ ನಿಜವಾಗಿಯೇ ನೋಯುತ್ತದೆ. ಭಾನುವಾರ, ರಜೆಯಲ್ಲಿ ನೋವು ಇರುವುದಿಲ್ಲ ಅಂದರೆ ಕಾರಣ ಶಾಲೆಯಲ್ಲಿದೆ ಅಂತ ಅರ್ಥ. ಬೆಂಚಿನ ಮೇಲೆ ನಿಲ್ಲಿಸುವುದು ಇವತ್ತೇ ನಿಲ್ಲಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಇದನ್ನು ಜಗಳವಾಡದೆ, ಆದರೆ ಸ್ಪಷ್ಟವಾಗಿ ಮುಖ್ಯ ಶಿಕ್ಷಕರಿಗೆ ಹೇಳಿ. ದಿನವೂ ಅವಮಾನದ ಭಯದಲ್ಲಿ ಕೂರುವ ಮಗುವಿಗೆ ಯಾವ ಒಳ್ಳೆಯ ವಿಧಾನದಲ್ಲಿ ಕಲಿಸಿದರೂ ತಲೆಗೆ ಹೋಗುವುದಿಲ್ಲ.

ಪತ್ರ ಓದಿಯೇ ಡಿಸ್ಲೆಕ್ಸಿಯಾ ಹೌದೋ ಅಲ್ಲವೋ ಹೇಳಲು ನನಗೆ ಆಗುವುದಿಲ್ಲ, ಹೇಳಲೂಬಾರದು. ಆದರೆ ನೀವು ಬರೆದ ಲಕ್ಷಣಗಳು ಪರೀಕ್ಷೆ ಮಾಡಿಸಲು ಸಾಕಷ್ಟು ಕಾರಣ. ಮಾತು, ತಿಳಿವಳಿಕೆ, ಬಾಯಿಲೆಕ್ಕ ಎಲ್ಲ ಚೆನ್ನಾಗಿದ್ದು ಅಕ್ಷರದ ಹತ್ತಿರ ಬಂದಾಗ ಮಾತ್ರ ಮಗು ಸಿಕ್ಕಿಹಾಕಿಕೊಳ್ಳುತ್ತದೆ ಅಂದರೆ ಅದು ಸೋಮಾರಿತನ ಅಲ್ಲ. ಡಿಸ್ಲೆಕ್ಸಿಯಾ ಬುದ್ಧಿಯ ಕೊರತೆಯೂ ಅಲ್ಲ, ಕಣ್ಣಿನ ದೋಷವೂ ಅಲ್ಲ. ಮಾತಿನ ಒಳಗಿರುವ ಸಣ್ಣ ಸಣ್ಣ ಸದ್ದುಗಳನ್ನು ಬಿಡಿಸಿ ಹಿಡಿಯುವುದು, ಅವನ್ನು ಬರಹದ ಗುರುತಿಗೆ ಬೇಗನೆ ಜೋಡಿಸುವುದು ಈ ಮಕ್ಕಳಿಗೆ ಕಷ್ಟ. ಉಳಿದ ಮಕ್ಕಳಿಗೆ ಕೆಲವು ಸಲ ನೋಡಿದರೆ ಕೂತುಬಿಡುವ ಜೋಡಣೆ ಇವರಿಗೆ ಬಹಳ ಸಲ, ಬೇರೆ ಬೇರೆ ರೀತಿಯಲ್ಲಿ ಮಾಡಿದ ಮೇಲೆ ಕೂರುತ್ತದೆ.

ಶಾಲೆಗಳಲ್ಲಿ ನಾನು ಮತ್ತೆ ಮತ್ತೆ ಹೇಳುವ ಮಾತೊಂದಿದೆ. ಇಂಥ ಮಗುವಿಗೆ ಎರಡು ಕೆಲಸ ಒಟ್ಟಿಗೆ ಆಗಬೇಕು. ಒಂದು, ಓದುವುದನ್ನು ಸರಿಯಾದ ದಾರಿಯಲ್ಲಿ ಮೊದಲಿನಿಂದ ಕಲಿಸುವುದು. ಇನ್ನೊಂದು, ಅದು ಬರುವವರೆಗೆ ಉಳಿದ ಪಾಠಗಳು ಕೈತಪ್ಪದಂತೆ ನೋಡಿಕೊಳ್ಳುವುದು. ಹೆಚ್ಚಿನ ಕಡೆ ಮೊದಲನೆಯದಕ್ಕಾಗಿ ಎರಡನೆಯದನ್ನು ಬಲಿ ಕೊಡುತ್ತಾರೆ. ‘ಮೊದಲು ಓದಲು ಬರಲಿ, ಆಮೇಲೆ ವಿಜ್ಞಾನ’ ಅಂತಾರೆ. ಅಷ್ಟರಲ್ಲಿ ಎರಡು ವರ್ಷದ ವಿಜ್ಞಾನ ಹೋಗಿರುತ್ತದೆ. ಚೆನ್ನಾಗಿ ಅರ್ಥ ಮಾಡಿಕೊಳ್ಳಬಲ್ಲ ಮಗು ಆಗ ನಿಜವಾಗಿಯೂ ಹಿಂದೆ ಬೀಳುತ್ತದೆ. ಈ ಎರಡು ಕೆಲಸಕ್ಕೂ ಸರ್ಟಿಫಿಕೇಟ್ ಬೇಕಿಲ್ಲ. ನಾಳೆ ಬೆಳಿಗ್ಗೆ ಶುರು ಮಾಡಬಹುದು.

ಡಿಸ್ಲೆಕ್ಸಿಯಾ ಪರೀಕ್ಷೆಗೆ ಹೋಗುವ ಮೊದಲು ಕಣ್ಣು, ಕಿವಿ ಎರಡನ್ನೂ ವೈದ್ಯರಿಗೆ ತೋರಿಸಿ. ಪದೇ ಪದೇ ನೆಗಡಿಯಾಗಿ ಕಿವಿ ಕಟ್ಟಿಕೊಳ್ಳುವ ಮಕ್ಕಳಿಗೆ ಸದ್ದುಗಳ ವ್ಯತ್ಯಾಸ ಸರಿಯಾಗಿ ಕೇಳಿಸದೇ ಇರಬಹುದು. ಇನ್ನೊಂದು ವಿಷಯ ನಮ್ಮ ಕಡೆ ಮುಖ್ಯ. ಮನೆಯಲ್ಲಿ ‘ಆಲು’, ‘ಅಣ್ಣು’ ಅನ್ನುವ ಮಗು ಹಾಲು, ಹಣ್ಣು ಅನ್ನುವುದನ್ನೂ ಹಾಗೇ ಬರೆದರೆ ಅದು ಆಡುಮಾತಿನ ಪ್ರಭಾವ, ಡಿಸ್ಲೆಕ್ಸಿಯಾ ಅಲ್ಲ. ಮಹಾಪ್ರಾಣದ ತಪ್ಪುಗಳೂ ಅಷ್ಟೆ. ಮನೆಯಲ್ಲಿ ಉರ್ದು, ತುಳು, ತೆಲುಗು, ಲಂಬಾಣಿ ಮಾತಾಡುವ ಮಗುವಿಗೆ ಕನ್ನಡದ ಪದವೇ ಹೊಸದಾಗಿರಬಹುದು. ಪರೀಕ್ಷೆ ಮಾಡುವವರಿಗೆ ನಿಮ್ಮ ಮನೆಮಾತು ಯಾವುದು, ಮಗು ಯಾವ ಭಾಷೆಯನ್ನು ಎಷ್ಟು ವರ್ಷದಿಂದ ಓದುತ್ತಿದೆ ಅಂತ ತಪ್ಪದೆ ಹೇಳಿ. ಓದನ್ನು ಇಂಗ್ಲಿಷಿನಲ್ಲಿ ಮಾತ್ರ ನೋಡಿ ವರದಿ ಬರೆದುಕೊಟ್ಟರೆ ಒಪ್ಪಬೇಡಿ. ಕನ್ನಡದಲ್ಲೂ ನೋಡಿ ಅಂತ ಕೇಳಿ. ಇಂಗ್ಲಿಷ್ ಕಿವಿಗೇ ಬೀಳದ ಊರಿನಲ್ಲಿ ಇಂಗ್ಲಿಷ್ ಓದು ಮಾತ್ರ ಹಿಂದಿದ್ದರೆ ಕಾರಣ ಬೇರೆ ಇರಬಹುದು. ಎರಡರಲ್ಲೂ ತೊಡಕಿದ್ದರೆ ಅನುಮಾನ ಗಟ್ಟಿಯಾಗುತ್ತದೆ.

ಕನ್ನಡದಲ್ಲಿ ಡಿಸ್ಲೆಕ್ಸಿಯಾ ಹೇಗೆ ಕಾಣುತ್ತದೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅಂತರ್ಜಾಲದಲ್ಲಿ ಸಿಗುವುದೆಲ್ಲ ಇಂಗ್ಲಿಷಿನ ಬಿ, ಡಿ ತಿರುಗುಮುರುಗಿನ ಕಥೆ. ಕನ್ನಡದಲ್ಲಿ ಬರೆದ ಹಾಗೆ ಓದಬಹುದು, ಹಾಗಾಗಿ ಡಿಸ್ಲೆಕ್ಸಿಯಾ ಕಾಡುವುದಿಲ್ಲ ಅಂತ ಕೆಲವರು ತಿಳಿದಿದ್ದಾರೆ. ಅದು ಸರಿಯಲ್ಲ. ನಮ್ಮ ಲಿಪಿಯ ಕಷ್ಟ ಬೇರೆ ಥರ. ಗುರುತುಗಳು ತುಂಬಾ ಜಾಸ್ತಿ. ಮೂಲ ಅಕ್ಷರ, ಒಂದೊಂದಕ್ಕೂ ಕಾಗುಣಿತ, ಅದರ ಕೆಳಗೆ ಒತ್ತು. ಬೆಂಗಳೂರಿನಲ್ಲಿ ಸೊನಾಲಿ ನಾಗ್ ಅವರು ಕನ್ನಡ ಓದುವ ಮಕ್ಕಳ ಮೇಲೆ ನಡೆಸಿದ ಅಧ್ಯಯನಗಳು ತೋರಿಸಿದ್ದು ಇದನ್ನೇ. ಯಾವ ತೊಂದರೆಯೂ ಇಲ್ಲದ ಮಕ್ಕಳಿಗೂ ಅಕ್ಷರ ಕಲಿಕೆ ಒಂದನೇ ಕ್ಲಾಸಿಗೆ ಮುಗಿಯುವುದಿಲ್ಲ, ನಾಲ್ಕನೇ ಕ್ಲಾಸಿನವರೆಗೂ ನಡೆಯುತ್ತಲೇ ಇರುತ್ತದೆ.

ಈಗ ಮಗುವಿನ ಜಾಗದಲ್ಲಿ ಕೂತು ನೋಡಿ. ‘ಸೂರ್ಯ’ ಅನ್ನುವಾಗ ರ್ ಮೊದಲು, ಯ ಆಮೇಲೆ ಕೇಳಿಸುತ್ತದೆ. ಬರೆಯುವಾಗ ಯ ಮೊದಲು, ಅರ್ಕಾವತ್ತು ಆಮೇಲೆ. ಅಂದರೆ ಕಿವಿಯ ಕ್ರಮ ಒಂದು, ಕಣ್ಣಿನ ಕ್ರಮ ಇನ್ನೊಂದು. ‘ಅಮ್ಮ’ದಲ್ಲಿ ಕೆಳಗಿರುವ ಮ ಒತ್ತಿಗೂ ಮೇಲಿನ ಮ ಅಕ್ಷರಕ್ಕೂ ರೂಪದಲ್ಲಿ ಹೋಲಿಕೆಯೇ ಇಲ್ಲ. ತ, ನ, ಯ, ರ, ಲ ಒತ್ತುಗಳ ಕಥೆಯೂ ಅದೇ. ಕ, ಗ ಅಕ್ಷರಗಳಿಗೆ ಕೊಂಬು ಬಲಗಡೆ ಹತ್ತುತ್ತದೆ. ಪ, ವ ಅಕ್ಷರಗಳಿಗೆ ಕೆಳಗಿನಿಂದ ಹತ್ತುತ್ತದೆ, ಇಲ್ಲದಿದ್ದರೆ ‘ವು’ ಹೋಗಿ ‘ಮ’ ಆಗಿಬಿಡುತ್ತದೆ. ಇವೆಲ್ಲ ನಮಗೆ ಕಣ್ಣಿಗೇ ಬೀಳುವುದಿಲ್ಲ. ನಿಮ್ಮ ಮಗ ದಿನವೂ ಎಡವುತ್ತಿರುವುದು ಇಲ್ಲೇ. ಹಾಗಾಗಿ ಕನ್ನಡದಲ್ಲಿ ಈ ಮಕ್ಕಳು ತಪ್ಪು ಓದುವುದಕ್ಕಿಂತ ಹೆಚ್ಚಾಗಿ ನಿಧಾನ ಓದುತ್ತಾರೆ. ಒಂದೊಂದೇ ಅಕ್ಷರ ಬಿಡಿಬಿಡಿಯಾಗಿ ಹೇಳಿ, ಪದದ ಕೊನೆಗೆ ಬರುವಷ್ಟರಲ್ಲಿ ಮೊದಲು ಹೇಳಿದ್ದು ಮರೆತಿರುತ್ತಾರೆ. ಬರೆಯುವಾಗ ದೀರ್ಘ, ಒತ್ತು, ಸೊನ್ನೆ ಬಿಟ್ಟುಹೋಗುತ್ತದೆ.

ತಪ್ಪಾದ ಪದವನ್ನು ಹತ್ತು ಸಲ ಬರೆಸುವುದು ಯಾಕೆ ಉಪಯೋಗಕ್ಕೆ ಬರುವುದಿಲ್ಲ ಅಂತ ಈಗ ತಿಳಿಯಿತಲ್ವಾ? ಮೂರನೇ ಸಲದ ಹೊತ್ತಿಗೆ ಅದು ಓದು ಬರಹ ಎರಡೂ ಅಲ್ಲ, ಸುಮ್ನೆ ಚಿತ್ರ ಬಿಡಿಸುವುದು. ಸದ್ದಿಗೂ ಗುರುತಿಗೂ ನಂಟೇ ಬೆಳೆಯುವುದಿಲ್ಲ. ಕೆಲವೊಮ್ಮೆ ಎರಡನೇ ಸಾಲಿನಲ್ಲೇ ತಪ್ಪು ನುಸುಳಿ, ಉಳಿದ ಎಂಟು ಸಲ ಆ ತಪ್ಪನ್ನೇ ಅಭ್ಯಾಸ ಮಾಡಿರುತ್ತಾನೆ.

ಬದಲಿಗೆ ಮನೆಯಲ್ಲಿ ದಿನಕ್ಕೆ 15 ನಿಮಿಷ ಸಾಕು, ಆದರೆ ದಿನವೂ ಬೇಕು. ಅ ಆ ಇ ಈ ಕ್ರಮ ಬಿಡಿ. ನಮ್ಮ ಸರ್ಕಾರಿ ಶಾಲೆಗಳ ನಲಿ–ಕಲಿ ಪದ್ಧತಿಯಲ್ಲಿ ರ, ಗ, ಸ, ದ, ಅ ಇಂದ ಶುರು ಮಾಡುತ್ತಾರೆ. ಇದು ತುಂಬಾ ಜಾಣ ಕ್ರಮ ಅಂತ ನನ್ನ ಅಭಿಪ್ರಾಯ. ಐದೇ ಅಕ್ಷರದಲ್ಲಿ ಸರ, ದರ, ಅರಸ, ಅಗಸ, ಗರಗಸ ಎಲ್ಲ ಓದಬಹುದು. ಅವನು ನಾಲ್ಕನೇ ಕ್ಲಾಸಿನವನು, ಇಷ್ಟು ಕೆಳಗಿನಿಂದ ಶುರು ಮಾಡಿದರೆ ಬೇಜಾರಾಗುವುದಿಲ್ಲವೇ ಅಂತ ಕೇಳಬಹುದು. ಅವನಿಗೆ ಬರುವ ಅಕ್ಷರಗಳನ್ನು ಬೇಗ ದಾಟಿ, ತೊಡಕಿರುವಲ್ಲಿ ನಿಲ್ಲಿ. ಮೂಲ ಅಕ್ಷರ ಗಟ್ಟಿಯಾಗಿದ್ದರೆ ಇಳಿ ಒಂದನ್ನೇ ತೆಗೆದುಕೊಳ್ಳಿ. ದರ, ದಾರ. ಸರ, ಸಾರ. ಕಣ್ಣು ಮುಚ್ಚಿ ಹೇಳಿಸಿ, ಎಲ್ಲಿ ಎಳೆಯಿತು ಅಂತ ಕೇಳಿ, ಆಮೇಲೆ ಬರೆಸಿ. ಅದು ಕೂತ ಮೇಲೆ ಗುಡಿಸು, ಆಮೇಲೆ ಕೊಂಬು. ಒಂದು ವಾರಕ್ಕೆ ಒಂದೇ ಗುರುತು ಆದರೂ ಪರವಾಗಿಲ್ಲ. ಒತ್ತಕ್ಷರಕ್ಕೆ ಬಂದಾಗ ಪದವನ್ನು ಒಡೆದು ಹೇಳಿಸಿ: ಅಮ್–ಮ, ಅಕ್–ಕ, ಹಣ್–ಣು. ಮೊದಲ ಸದ್ದು ಅರ್ಧಕ್ಕೆ ನಿಲ್ಲುವುದು ಬಾಯಿಗೆ ಗೊತ್ತಾಗಬೇಕು. ಮರಳಿನ ಮೇಲೋ ರಾಗಿ ಹಿಟ್ಟು ಹರಡಿದ ತಟ್ಟೆಯಲ್ಲೋ ಬೆರಳಿನಿಂದ ಬರೆಯುತ್ತಾ ಆ ಸದ್ದನ್ನು ಜೋರಾಗಿ ಹೇಳಲಿ. ಕಿವಿ, ಕಣ್ಣು, ಬಾಯಿ, ಬೆರಳು ನಾಲ್ಕೂ ಒಂದೇ ಹೊತ್ತಿನಲ್ಲಿ ಒಂದೇ ಅಕ್ಷರದ ಮೇಲೆ ಇರುವುದು ಇಲ್ಲಿ ಮುಖ್ಯ. ಬೆರಳು ಓಡಿ ಬಾಯಿ ಸುಮ್ಮನಿದ್ದರೆ ಪ್ರಯೋಜನ ಇಲ್ಲ.

ಇಂಗ್ಲಿಷಿಗೂ ಇದೇ ಹಾದಿ. ಸ್ಪೆಲ್ಲಿಂಗ್ ಬಾಯಿಪಾಠ ಬಿಟ್ಟು ಒಂದೊಂದು ಅಕ್ಷರದ ಸದ್ದಿನಿಂದ ಶುರು ಮಾಡುವ ಫೋನಿಕ್ಸ್. ಟ್ಯೂಷನ್ನಿಗೆ ಹಾಕುವ ಮೊದಲು ವಿಚಾರಿಸಿ. ಹೆಚ್ಚಿನ ಟ್ಯೂಷನ್‌ಗಳಲ್ಲಿ ನಡೆಯುವುದು ಶಾಲೆಯ ಹೋಂವರ್ಕ್ ಮುಗಿಸುವ ಕೆಲಸ. ಇವನಿಗೆ ಬೇಕಾದದ್ದು ಅದಲ್ಲ. ವಿಶೇಷ ಶಿಕ್ಷಣದಲ್ಲಿ ತರಬೇತಿ ಆದವರು ವಾರಕ್ಕೆ ಎರಡು ಮೂರು ಸಲ ಸಿಕ್ಕರೂ ಸಾಕು, ಉಳಿದ ದಿನ ನೀವು ಮುಂದುವರಿಸಬಹುದು.

ಡಿಸ್ಲೆಕ್ಸಿಯಾಕ್ಕೆ ಔಷಧಿ ಇಲ್ಲ. ನೆನಪಿನ ಶಕ್ತಿಯ ಟಾನಿಕ್, ಬಣ್ಣದ ಕನ್ನಡಕ, ಕಣ್ಣಿನ ವ್ಯಾಯಾಮ ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ಅಮೆರಿಕದ ಮಕ್ಕಳ ವೈದ್ಯರ ಮತ್ತು ಕಣ್ಣಿನ ವೈದ್ಯರ ಸಂಘಟನೆಗಳು 2009ರಲ್ಲೇ ಒಟ್ಟಾಗಿ ಹೇಳಿವೆ, ಬಣ್ಣದ ಗಾಜಿನಿಂದಲೂ ಕಣ್ಣಿನ ವ್ಯಾಯಾಮದಿಂದಲೂ ಡಿಸ್ಲೆಕ್ಸಿಯಾ ಸರಿಹೋಗುತ್ತದೆ ಅನ್ನಲು ಆಧಾರ ಇಲ್ಲ ಅಂತ. ಕೆಲವು ಮಕ್ಕಳಿಗೆ ಇದರ ಜೊತೆಗೆ ಗಮನ ನಿಲ್ಲದ ತೊಂದರೆಯೂ ಇರುತ್ತದೆ. ಅದಕ್ಕೆ ಬೇರೆಯೇ ಚಿಕಿತ್ಸೆ ಇದೆ, ವೈದ್ಯರು ನೋಡಿ ಹೇಳಬೇಕು.

ಇನ್ನು ಶಾಲೆ. ಬಾಯಿಮಾತಿಗಿಂತ ಕಾಗದ ವಾಸಿ. ಒಂದು ಪುಟದ ಪತ್ರ ಬರೆದುಕೊಡಿ, ಒಂದು ಪ್ರತಿ ನೀವು ಇಟ್ಟುಕೊಳ್ಳಿ. ಬೋರ್ಡಿನಿಂದ ನಕಲು ಮಾಡುವುದು ಇವನಿಗೆ ತುಂಬಾ ದುಬಾರಿ ಕೆಲಸ. ಪಕ್ಕದ ಮಗುವಿನ ನೋಟ್ಸಿನ ಜೆರಾಕ್ಸ್ ಸಿಗಲಿ, ಅಥವಾ ಬೋರ್ಡಿನ ಫೋಟೋ ಸಿಗಲಿ. ಇದ್ದಕ್ಕಿದ್ದ ಹಾಗೆ ಎದ್ದು ನಿಂತು ಓದು ಅನ್ನಬಾರದು. ಓದಿಸಲೇಬೇಕಿದ್ದರೆ ಹಿಂದಿನ ದಿನವೇ ಯಾವ ಸಾಲು ಅಂತ ಹೇಳಿದರೆ ಮನೆಯಲ್ಲಿ ತಯಾರಾಗಿ ಬರುತ್ತಾನೆ. ವಿಜ್ಞಾನ, ಸಮಾಜದ ಉತ್ತರದಲ್ಲಿ ಕಾಗುಣಿತದ ತಪ್ಪಿಗೆ ಅಂಕ ಕಳೆಯುವುದು ಬೇಡ. ಅವನಿಗೆ ವಿಷಯ ಗೊತ್ತೇ ಅನ್ನುವುದನ್ನು ಬಾಯಲ್ಲಿ ಕೇಳಿ ನೋಡಲಿ. ಲೆಕ್ಕದಲ್ಲಿ ಪ್ರಶ್ನೆಯನ್ನು ಯಾರಾದರೂ ಓದಿ ಹೇಳಲಿ. ಕೊಬ್ಬರಿ ಲೆಕ್ಕ ಬಾಯಲ್ಲೇ ಹೇಳುವ ಹುಡುಗ ಪರೀಕ್ಷೆಯಲ್ಲಿ ಸೋಲುತ್ತಿದ್ದರೆ ಪ್ರಶ್ನೆ ಓದಲಾಗದೆ ಸೋಲುತ್ತಿರಬಹುದು. ಮಗ್ಗಿ ಬಾಯಿಪಾಠ ಇಂಥ ಮಕ್ಕಳಲ್ಲಿ ಅನೇಕರಿಗೆ ಹತ್ತುವುದಿಲ್ಲ, ಮಗ್ಗಿ ಪಟ್ಟಿ ಮುಂದೆ ಇರಲಿ. ಉಕ್ತಲೇಖನ ಬೇಡ ಅಂತ ನಾನು ಹೇಳುವುದಿಲ್ಲ. ಇಪ್ಪತ್ತು ಪದದ ಬದಲು ಅವನು ಆ ವಾರ ಕಲಿತ ಐದು ಪದ ಕೊಡಲಿ, ಅಷ್ಟೆ.

ಮಿಸ್ ಬಗ್ಗೆ ಒಂದು ಮಾತು. ಕ್ಲಾಸು ತುಂಬಾ ಮಕ್ಕಳಿದ್ದು, ಪೋರ್ಷನ್ ಮುಗಿಸುವ ಒತ್ತಡದಲ್ಲಿರುವ ಶಿಕ್ಷಕಿಗೆ ಇದೆಲ್ಲ ಯಾರೂ ಹೇಳಿಕೊಟ್ಟಿರುವುದಿಲ್ಲ. ಮಾತಿನಲ್ಲಿ ಚುರುಕಾದ ಮಗು ಬರೆಯದಿದ್ದರೆ ‘ಬೇಕಂತಲೇ ಬರೆಯುತ್ತಿಲ್ಲ’ ಅನ್ನಿಸುವುದು ಸಹಜ. ನೀವು ಮನೆಯಲ್ಲಿ ಮಾಡುತ್ತಿರುವ ಅಭ್ಯಾಸದ ಪುಸ್ತಕವನ್ನು ತೋರಿಸಿ. ಈ ವಾರ ಈ ಒತ್ತು ಕಲಿಯುತ್ತಿದ್ದಾನೆ, ಕ್ಲಾಸಿನಲ್ಲಿ ಕಂಡರೆ ಒಂದು ಮಾತು ಹೇಳಿ ಅಂತ ಕೇಳಿಕೊಳ್ಳಿ. ಎಷ್ಟೋ ಮಂದಿ ಮಿಸ್‌ಗಳು ಅಲ್ಲಿಂದ ಬದಲಾಗಿದ್ದನ್ನು ಕಂಡಿದ್ದೇನೆ.

ಅಷ್ಟಾದರೂ ಶಾಲೆ ಕೇಳದಿದ್ದರೆ ಕಾನೂನು ನಿಮ್ಮ ಕಡೆಗಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿರುವ 21 ವಿಧಗಳಲ್ಲಿ ‘ನಿರ್ದಿಷ್ಟ ಕಲಿಕಾ ನ್ಯೂನತೆ’ಯೂ ಒಂದು. ಡಿಸ್ಲೆಕ್ಸಿಯಾ, ಬರವಣಿಗೆಯ ತೊಡಕಾದ ಡಿಸ್‌ಗ್ರಾಫಿಯಾ, ಲೆಕ್ಕದ ತೊಡಕಾದ ಡಿಸ್‌ಕ್ಯಾಲ್ಕುಲಿಯಾ ಎಲ್ಲ ಅದರೊಳಗೆ ಬರುತ್ತವೆ. ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ಇಂಥ ತೊಡಕನ್ನು ಆದಷ್ಟು ಬೇಗ ಗುರುತಿಸಿ, ತಕ್ಕ ರೀತಿಯಲ್ಲಿ ಕಲಿಸುವುದು ಶಾಲೆಯ ಜವಾಬ್ದಾರಿ. ಇದು ಸರ್ಕಾರಿ ಶಾಲೆಗೆ ಮಾತ್ರ ಅಲ್ಲ, ಸರ್ಕಾರದ ಮಾನ್ಯತೆ ಪಡೆದ ಖಾಸಗಿ ಶಾಲೆಗೂ ಅನ್ವಯಿಸುತ್ತದೆ. ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಗೆ ಹೋದರೆ ತಾಲ್ಲೂಕಿನ ಬಿಐಇಆರ್‌ಟಿ ಶಿಕ್ಷಕರ ಬಗ್ಗೆ ಕೇಳಿ. ಸರ್ಕಾರದ ಸಮಗ್ರ ಶಿಕ್ಷಣ ಯೋಜನೆಯ ಅಡಿಯಲ್ಲಿ ಇಂಥ ಮಕ್ಕಳಿಗಾಗಿಯೇ ಇರುವವರು ಅವರು. ಮುಂದಿನ ದಾರಿ ಅವರಿಗೆ ಗೊತ್ತಿರುತ್ತದೆ.

ಸರ್ಟಿಫಿಕೇಟಿನ ವಿಷಯಕ್ಕೆ ಬರೋಣ. ಮನೆಯವರ ಅಳುಕು ನನಗೆ ಅರ್ಥವಾಗುತ್ತದೆ. ಆದರೆ ಈಗಾಗಲೇ ಅವನಿಗೆ ಒಂದು ಹೆಸರು ಬಿದ್ದಿದೆ, ‘ಸೋಮಾರಿ’ ಅಂತ. ಅದಕ್ಕಿಂತ ಸರಿಯಾದ ಹೆಸರು ಸಿಗುವುದು ಮಗುವಿಗೆ ಸಮಾಧಾನವೇ. ‘ನಾನು ದಡ್ಡ ಅಲ್ವಾ ಹಾಗಾದ್ರೆ?’ ಅಂತ ಕೇಳಿದ ಮಕ್ಕಳು ಇದ್ದಾರೆ.

ಪರೀಕ್ಷೆ ಮತ್ತು ಸರ್ಟಿಫಿಕೇಟ್ ಎರಡೂ ಒಂದೇ ಅಲ್ಲ. ಪರೀಕ್ಷೆಯ ವರದಿ ನಿಮ್ಮ ಕೈಯಲ್ಲಿರುತ್ತದೆ, ಯಾರಿಗೆ ತೋರಿಸಬೇಕು ಅನ್ನುವುದು ನಿಮ್ಮ ಇಷ್ಟ. ಅದನ್ನು ಈಗಲೇ ಮಾಡಿಸಿ. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಇಲ್ಲವೇ ಕ್ಲಿನಿಕಲ್ ಸೈಕಾಲಜಿಸ್ಟ್ ಇರುವ ಆಸ್ಪತ್ರೆಗಳಲ್ಲಿ ಮಾಡುತ್ತಾರೆ. ಮೊದಲು ಬುದ್ಧಿಮಟ್ಟ ನೋಡಿ, ಆಮೇಲೆ ಓದು, ಬರಹ, ಲೆಕ್ಕ ಒಂದೊಂದನ್ನೂ ನೋಡುತ್ತಾರೆ. ಸೂಜಿ, ರಕ್ತ ಏನೂ ಇಲ್ಲ ಅಂತ ಮಗನಿಗೆ ಮೊದಲೇ ಹೇಳಿ.

ಸರ್ಕಾರಿ ಸರ್ಟಿಫಿಕೇಟಿನ ನಿಯಮ 2018ರಲ್ಲಿ ಬಂತು. ಅದರ ಪ್ರಕಾರ ಎಂಟು ವರ್ಷ ತುಂಬಿದ ಮೇಲೆಯೇ ಇದನ್ನು ಕೊಡುತ್ತಾರೆ. 14 ಮತ್ತು 18ನೇ ವಯಸ್ಸಿನಲ್ಲಿ ಮತ್ತೆ ಪರೀಕ್ಷೆ ಆಗಬೇಕು. ಅರ್ಜಿ ಯುಡಿಐಡಿ, ಅಂದರೆ ಅಂಗವಿಕಲರ ಗುರುತಿನ ಕಾರ್ಡಿನ ಪೋರ್ಟಲ್ ಮೂಲಕ ಹೋಗುತ್ತದೆ. ನಿಮ್ಮ ಪಂಚಾಯ್ತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಅರ್ಜಿ ಹಾಕಲು ನೆರವಾಗುತ್ತಾರೆ. ಇದರ ಉಪಯೋಗ ಮುಖ್ಯವಾಗಿ ದೊಡ್ಡ ಪರೀಕ್ಷೆಗಳಲ್ಲಿ: ಹೆಚ್ಚಿನ ಸಮಯ, ಹೇಳಿದ್ದನ್ನು ಬರೆದುಕೊಡುವ ಸಹಾಯಕರು, ಭಾಷಾ ವಿಷಯಗಳಲ್ಲಿ ರಿಯಾಯಿತಿ. ಕೇಂದ್ರದ 2018ರ ಮಾರ್ಗಸೂಚಿಯಲ್ಲಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚು ಅಂತಿದೆ, ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ. ಎಸ್ಸೆಸ್ಸೆಲ್ಸಿ ಹೊತ್ತಿಗೆ ಓಡಾಡಿದರೆ ಕಾಗದ ಕೈಗೆ ಬರುವುದೇ ತಡ. ಹೈಸ್ಕೂಲು ಸೇರುವ ಮೊದಲು ಮಾಡಿಸಿಟ್ಟುಕೊಳ್ಳಿ. ಬಳಸಲೇಬೇಕು ಅಂತೇನಿಲ್ಲ.

ಕನ್ನಡ ಮೀಡಿಯಂಗೆ ಹಾಕಲೇ ಅಂದಿದ್ದೀರಿ. ಮಾಧ್ಯಮ ಬದಲಾದರೆ ಡಿಸ್ಲೆಕ್ಸಿಯಾ ಹೋಗುವುದಿಲ್ಲ. ಆದರೂ ನಿಮ್ಮ ಮನೆಯಲ್ಲಿ ಯಾರೂ ಇಂಗ್ಲಿಷ್ ಮಾತಾಡದಿದ್ದರೆ ಬದಲಾಯಿಸುವುದು ಒಳ್ಳೆಯದು ಅಂತ ನನ್ನ ಅನಿಸಿಕೆ. ಈಗ ಅವನಿಗೆ ಎರಡು ಭಾರ. ಓದಲು ಕಷ್ಟ, ಓದಿ ಹೇಳಿದರೂ ಅರ್ಥವಾಗುವುದಿಲ್ಲ. ಕನ್ನಡದಲ್ಲಾದರೆ ಯಾರಾದರೂ ಓದಿ ಹೇಳಿದ ತಕ್ಷಣ ಪಾಠ ತಲೆಗೆ ಹೋಗುತ್ತದೆ. ಆದರೆ ಮೊದಲು ಆ ಶಾಲೆಗೆ ಹೋಗಿ ಶಿಕ್ಷಕರ ಹತ್ತಿರ ಮಾತಾಡಿ. ಅರ್ಥ ಮಾಡಿಕೊಳ್ಳುವ ಶಿಕ್ಷಕರು ಈಗಿನ ಶಾಲೆಯಲ್ಲೇ ಇದ್ದರೆ ಅಲ್ಲೇ ಇರಲಿ. ಮಾಧ್ಯಮಕ್ಕಿಂತ ಆ ಮನುಷ್ಯರು ಮುಖ್ಯ.

ಅದೇ ಕ್ಲಾಸಿನಲ್ಲಿ ಉಳಿಸುವುದು ಬೇಡವೇ ಬೇಡ. ಹೋದ ವರ್ಷ ಹತ್ತದ ವಿಧಾನದಲ್ಲೇ ಈ ವರ್ಷವೂ ಕಲಿಸುತ್ತಾರೆ. ಗೆಳೆಯರು ಮುಂದೆ ಹೋಗಿರುತ್ತಾರೆ, ಅಷ್ಟೇ ವ್ಯತ್ಯಾಸ.

ಮಗಳ ಬಗ್ಗೆ. ಡಿಸ್ಲೆಕ್ಸಿಯಾ ಮನೆತನದಲ್ಲಿ ಹರಿದುಬರುವ ಸಂಭವ ಇದೆ. ಅಣ್ಣನಿಗಿದ್ದರೆ ತಂಗಿಗೆ ಬರಲೇಬೇಕು ಅಂತಿಲ್ಲ, ಆದರೆ ಗಮನ ಇರಲಿ. ಹೆಣ್ಣುಮಕ್ಕಳು ಕ್ಲಾಸಿನಲ್ಲಿ ಸುಮ್ಮನೆ ಕೂರುತ್ತಾರೆ, ಯಾರ ಕಣ್ಣಿಗೂ ಬೀಳುವುದಿಲ್ಲ. ಪ್ರಾಸದ ಪದ್ಯ ಹಿಡಿಯಲು ಕಷ್ಟಪಡುತ್ತಾಳೆಯೇ, ಬಣ್ಣಗಳ ಹೆಸರು ಹೇಳಲು ತಡವರಿಸುತ್ತಾಳೆಯೇ, ಉದ್ದ ಪದದ ಸದ್ದುಗಳನ್ನು ಅದಲುಬದಲು ಮಾಡುತ್ತಾಳೆಯೇ, ತನ್ನ ಹೆಸರಿನ ಅಕ್ಷರ ನೆನಪಿಟ್ಟುಕೊಳ್ಳುತ್ತಾಳೆಯೇ ನೋಡಿ. ಅವಳ ಜೊತೆ ದಿನವೂ ಸದ್ದಿನ ಆಟ ಆಡಿ. ಕಮಲದಲ್ಲಿ ಕ ತೆಗೆದರೆ ಏನು ಉಳಿಯುತ್ತದೆ? ಮರದಲ್ಲಿ ಮ ತೆಗೆದು ಸ ಹಾಕಿದರೆ? ಪುಸ್ತಕ, ಪೆನ್ಸಿಲ್ ಯಾವುದೂ ಬೇಡ. ಮಗನನ್ನೂ ಕೂರಿಸಿಕೊಳ್ಳಿ. ಪ್ರಶ್ನೆ ಕೇಳುವ ಕೆಲಸ ಅವನಿಗೇ ಕೊಡಿ, ಅವನಿಗೆ ಬೇಕಾದ ಅಭ್ಯಾಸವೂ ಅದೇ.